ಇಂಟರ್‌ಕೂಲರ್ ಹಾಕಿಸಿ, ಆದರೆ ಒಳಗಿನ ಬೀಮ್ ಕೊಯ್ಯಿಸಬೇಡಿ

ಟರ್ಬೊ ಕಾರು ತಂದವರು ಮೊದಲು ಫೋನ್ ತೆಗೆದು ಒಂದು ಫೋಟೊ ತೋರಿಸುತ್ತಾರೆ. ಬಂಪರ್ ಬಾಯಿ ತುಂಬ ಹೊಳೆಯುವ ಅಲ್ಯೂಮಿನಿಯಂ ಇಂಟರ್‌ಕೂಲರ್. ಟರ್ಬೊ ಒತ್ತಿ ಕಳಿಸುವ ಬಿಸಿ ಗಾಳಿಯನ್ನು ಎಂಜಿನ್‌ಗೆ ಹೋಗುವ ಮುಂಚೆ ತಣಿಸುವ ಜಾಲರಿ ಅದು. "ಅಣ್ಣಾ, ಇದೇ ಸೈಜ್ ಬೇಕು." ಹಾಕೋಣ, ಅದರಲ್ಲಿ ತಪ್ಪೇನಿಲ್ಲ. ಬಂಪರ್ ಬಿಚ್ಚಿ ಟೇಪ್ ಹಿಡಿದಾಗ ಆ ಸೈಜ್ ಕೂರುವುದಿಲ್ಲ ಅಂತ ಗೊತ್ತಾಗುತ್ತದೆ. ಅಡ್ಡಕ್ಕೆ ಒಂದು ಬೀಮ್ ಇದೆ. ಆಗ ಬರುವ ಮಾತು ಯಾವಾಗಲೂ ಒಂದೇ. "ಅದನ್ನ ಸ್ವಲ್ಪ ಕಟ್ ಮಾಡಿಬಿಡಿ, ಹೇಗೂ ಹೊರಗೆ ಬಂಪರ್ ಇದೆಯಲ್ಲ?"

ಹೊರಗಿರುವುದು ಪ್ಲಾಸ್ಟಿಕ್. ಅದರ ಕೆಲಸ ಚೆಂದ ಕಾಣುವುದು ಮತ್ತು ಗಾಳಿಗೆ ದಾರಿ ತೋರಿಸುವುದು. ಗುದ್ದಿದಾಗ ಕೆಲಸ ಮಾಡುವುದು ನೀವು ಕೊಯ್ಯಿ ಅನ್ನುತ್ತಿರುವ ಆ ಬೀಮ್. ಅದರ ಎರಡೂ ತುದಿಗೆ ಡಬ್ಬಿಯಂಥ ಎರಡು ತುಂಡು ಇರುತ್ತವೆ, ಅವು ಕ್ರ್ಯಾಶ್ ಬಾಕ್ಸ್. ಅದರ ಹಿಂದೆ ಚಾಸಿಯ ಎಡ, ಬಲ ಲಾಂಗ್ ಮೆಂಬರ್, ಅಂದರೆ ಕಾರಿನ ಉದ್ದಕ್ಕೆ ಹೋಗುವ ಎರಡು ತೊಲೆ. ಗುದ್ದಿದರೆ ಮೊದಲು ಕ್ರ್ಯಾಶ್ ಬಾಕ್ಸ್ ಮಡಚಿಕೊಳ್ಳಬೇಕು. ಆಮೇಲೆ ಮಾತ್ರ ಲಾಂಗ್ ಮೆಂಬರ್. ಕ್ಯಾಬಿನ್‌ಗೆ ಏನೂ ಬರಬಾರದು. ಲೆಕ್ಕ ಹಾಗಿದೆ.

ನಮ್ಮ ಹೈವೇಯಲ್ಲಿ ಮೂತಿಗೆ ಮೂತಿ ನೇರವಾಗಿ ಗುದ್ದುವುದು ಕಡಿಮೆ. ತಪ್ಪಿಸಲು ಹೋಗಿ ಒಂದು ಕಡೆ ಮಾತ್ರ ತಗಲುತ್ತದೆ. 2023ರ ಅಕ್ಟೋಬರ್‌ನಿಂದ ಶುರುವಾದ ಭಾರತ್ ಎನ್‌ಕ್ಯಾಪ್ ಅನ್ನುವ, ಕಾರು ಗುದ್ದಿಸಿ ಸುರಕ್ಷತೆಗೆ ಸ್ಟಾರ್ ಕೊಡುವ ಪರೀಕ್ಷೆಯಲ್ಲೂ ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಕಾರಿನ ಮುಂಭಾಗದ ಶೇ. 40ರಷ್ಟು ಅಗಲ ಮಾತ್ರ ಗುದ್ದಿಸುತ್ತಾರೆ. ಆಗ ಒಂದು ಕಡೆಯ ಪೆಟ್ಟನ್ನು ಇನ್ನೊಂದು ಕಡೆಗೂ ಹಂಚುವುದು ಈ ಬೀಮ್. ಎತ್ತಿನ ಹೆಗಲ ಮೇಲಿನ ನೊಗ ಇದ್ದ ಹಾಗೆ. ನೊಗವನ್ನು ಮಧ್ಯದಲ್ಲಿ ಅರ್ಧ ಕೊಯ್ದು ಗಾಡಿ ಹೂಡುವ ರೈತ ಯಾರಾದರೂ ಇದ್ದಾರಾ?

"ಏರ್‌ಬ್ಯಾಗ್ ಇದೆಯಲ್ಲ ಸಾರ್" ಅನ್ನುವವರು ಇನ್ನೊಂದು ಕಡೆ. ಏರ್‌ಬ್ಯಾಗ್‌ಗೆ ಕಣ್ಣಿಲ್ಲ. ಕಾರು ಎಷ್ಟು ಬೇಗ ನಿಧಾನವಾಗುತ್ತಿದೆ ಅನ್ನುವುದನ್ನು ಸೆನ್ಸರ್ ಅಳೆಯುತ್ತದೆ. ಬಿಚ್ಚಬೇಕಾ ಬೇಡವಾ ಅಂತ ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನ ಆಗಿಬಿಡುತ್ತದೆ. ಕಂಪನಿಯವರು ಆ ಲೆಕ್ಕ ಕೂರಿಸಿದ್ದು ಬೀಮ್ ಇರುವ ಕಾರನ್ನು ಗುದ್ದಿಸಿ. ಬೀಮ್ ತೆಗೆದರೆ ಮೊದಲ ಪೆಟ್ಟು ಸೆನ್ಸರ್‌ಗೆ ಬೇರೆ ರೀತಿ ಮುಟ್ಟುತ್ತದೆ. ಏರ್‌ಬ್ಯಾಗ್ ತಡವಾಗಬಹುದು. ಆಗೇ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ, ನಾನು ಕ್ರ್ಯಾಶ್ ಟೆಸ್ಟ್ ಮಾಡುವ ಎಂಜಿನಿಯರ್ ಅಲ್ಲ. ಆದರೆ ಆಗುವುದಿಲ್ಲ ಅಂತ ಗ್ರೈಂಡರ್ ಹಿಡಿದಿರುವ ಯಾವ ಮೇಸ್ತ್ರಿಯೂ ಹೇಳಬಾರದು.

ಇನ್ನೊಂದು ಉಪಾಯ ಹೇಳುತ್ತಾರೆ. ಕೊಯ್ದು ಬೇರೆ ದಪ್ಪ ಪಟ್ಟಿ ವೆಲ್ಡ್ ಮಾಡಿಬಿಡಿ ಅಂತ. ಈಗಿನ ಎಷ್ಟೋ ಕಾರುಗಳಲ್ಲಿ ಬೀಮ್ ಹೈ-ಸ್ಟ್ರೆಂತ್ ಸ್ಟೀಲ್‌ನದು. ಅದರ ಗಟ್ಟಿತನ ಬಂದಿರುವುದು ಹದ ಮಾಡಿದ ರೀತಿಯಿಂದ. ವೆಲ್ಡಿಂಗ್ ಶಾಖ ತಗಲಿದ ಜಾಗ ಮೆತ್ತಗಾಗುತ್ತದೆ. ಇನ್ನು ಮನೆ ಗೇಟಿಗೆ ಹಾಕುವ ಚಾನಲ್ ತಂದು ಬಿಗಿದರೆ ಎಲ್ಲಿ ಮಡಚಬೇಕೋ ಅಲ್ಲಿ ಮಡಚುವುದಿಲ್ಲ. ಆ ಪೆಟ್ಟು ಒಳಗೆ ಕೂತವರಿಗೇ ಬರುತ್ತದೆ. ಹಾಗೆಯೇ ಬೀಮ್ ಮುಂದೆ ಇರುವ ಫೋಮನ್ನು ಪ್ಯಾಕಿಂಗ್ ಥರ್ಮಾಕೋಲ್ ಅಂದುಕೊಂಡು ಬಿಸಾಕುತ್ತಾರೆ. ಸಣ್ಣ ಗುದ್ದು ಹೀರಿಕೊಳ್ಳುವುದಕ್ಕೆ, ಅಡ್ಡ ಬಂದವರ ಕಾಲು ಮುರಿಯದಿರಲಿ ಅನ್ನುವುದಕ್ಕೆ ಅದು ಇರುವುದು. ಮತ್ತೆ, ಕಾರು ಕೆಟ್ಟಾಗ ಟೋ ಹುಕ್ ತಿರುಗಿಸುವ ತೂತು ಎಲ್ಲಿದೆ ಅಂತ ಒಮ್ಮೆ ನೋಡಿ. ಎಷ್ಟೋ ಕಾರುಗಳಲ್ಲಿ ಅದು ಇದೇ ಬೀಮ್‌ನಲ್ಲಿದೆ.

ಚಿಂತಾಮಣಿ ಕಡೆಯ ಒಬ್ಬ ಹುಡುಗ ಬಂದಿದ್ದ. ಟೊಮೆಟೊ ವ್ಯಾಪಾರದ ಮನೆ. ಡೀಸೆಲ್ ಹ್ಯಾಚ್‌ಬ್ಯಾಕ್‌ಗೆ ಬೇರೆ ಎಲ್ಲೋ ದೊಡ್ಡ ಇಂಟರ್‌ಕೂಲರ್ ಹಾಕಿಸಿಕೊಂಡಿದ್ದ. ಎಸಿ ತಣ್ಣಗೆ ಬರುತ್ತಿಲ್ಲ ಅಂತ ನನ್ನ ಹತ್ತಿರ ಬಂದ. ಮುಂದೆ ನೋಡಿದರೆ ಕಪ್ಪು ಪೇಂಟಿನ ದೊಡ್ಡ ಕಬ್ಬಿಣದ ಗಾರ್ಡ್. ಇದೇನಪ್ಪ ಅಂದೆ. "ಅಪ್ಪ ಹಾಕಿಸಿದ್ದು ಅಣ್ಣಾ, ಸೇಫ್ಟಿಗೆ." ಬಂಪರ್ ಬಿಚ್ಚಿದರೆ ಒಳಗೆ ಬೀಮೇ ಇಲ್ಲ! ಇರಬೇಕಾದ ಕಬ್ಬಿಣ ತೆಗೆದು, ಬೇಡದ ಕಬ್ಬಿಣವನ್ನು ಹೊರಗೆ ಕಟ್ಟಿದ್ದಾರೆ. ಆ ಗಾರ್ಡ್ ನೇರವಾಗಿ ಲಾಂಗ್ ಮೆಂಬರ್‌ಗೆ ಬೋಲ್ಟ್ ಆಗಿತ್ತು. ಇಂಥ ಗಾರ್ಡ್‌ಗಳ ಮೇಲೆ ಕ್ರಮ ತೆಗೆದುಕೊಳ್ಳಿ ಅಂತ ಕೇಂದ್ರದ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿತ್ತು. ಹುಡುಗನ ಅಪ್ಪನನ್ನು ಕರೆಸಿ ತೋರಿಸಿದೆ. ಪಾಪ, ಅವರು ಬೈದದ್ದು ಮಗನಿಗಲ್ಲ, ನನಗೆ. "ಮೊದಲೇ ಯಾಕೆ ಹೇಳಲಿಲ್ಲ ನೀವು?" ಅಂದರು. ನಾನು ಅವರನ್ನು ನೋಡಿದ್ದೇ ಅವತ್ತು. ಹೊಸ ಬೀಮ್ ತರಿಸಿ ಹಾಕಿದೆವು. ಅಪ್ಪ ಈಗ ತಮ್ಮ ಪಿಕಪ್ ಗಾಡಿಯನ್ನೂ ನನ್ನ ಹತ್ತಿರವೇ ತರುತ್ತಾರೆ.

ಎಸಿ ವಿಷಯಕ್ಕೆ ಬರುತ್ತೇನೆ. ಟರ್ಬೊ ಗಾಳಿಯನ್ನು ಒತ್ತುತ್ತದೆ, ಒತ್ತಿದ ಗಾಳಿ ಬಿಸಿಯಾಗುತ್ತದೆ. ಜೋರಾಗಿ ಓಡಿಸುವಾಗ 100 ಡಿಗ್ರಿ ದಾಟುವುದು ಮಾಮೂಲು. ಅದನ್ನು ಹೊರಗಿನ ಗಾಳಿಯ ಹತ್ತಿರಕ್ಕೆ ಇಳಿಸುವುದು ಇಂಟರ್‌ಕೂಲರ್. ಇಳಿಸಿದ ಶಾಖ ಎಲ್ಲಿಗೆ ಹೋಗುತ್ತದೆ? ಅದರ ಹಿಂದೆ ಎಸಿ ಕಂಡೆನ್ಸರ್, ಅದರ ಹಿಂದೆ ರೇಡಿಯೇಟರ್, ಆಮೇಲೆ ಫ್ಯಾನ್. ಮುಂದಿನವನು ಬಿಟ್ಟ ಬಿಸಿ ಗಾಳಿಯನ್ನೇ ಹಿಂದಿನವರು ಕುಡಿಯಬೇಕು. ಇಂಟರ್‌ಕೂಲರ್‌ನ ಕೋರ್, ಅಂದರೆ ಗಾಳಿ ಹಾಯುವ ಜಾಲರಿ ಭಾಗ, ದಪ್ಪದ್ದು ಹಾಕಿ ಪೂರ್ತಿ ಮುಚ್ಚಿದರೆ ಅವಕ್ಕೆ ಗಾಳಿಯೂ ಕಡಿಮೆ, ಬಂದದ್ದೂ ಬಿಸಿ. ಮೊದಲು ಸೋಲುವುದು ಎಸಿ. ಅದನ್ನು ಗ್ಯಾಸ್ ಕಡಿಮೆ ಆಗಿದೆ ಅಂತ ತುಂಬಿಸಿಕೊಂಡು ಬರುವವರು ಇದ್ದಾರೆ.

ಎಲ್ಲರೂ ಟೆಸ್ಟ್ ಮಾಡುವುದು ಹೈವೇಯಲ್ಲಿ. ದೇವನಹಳ್ಳಿ ತನಕ ಹೋಗಿ ಬಂದು, "ಟೆಂಪರೇಚರ್ ಮುಳ್ಳು ಅಲ್ಲಾಡಲಿಲ್ಲ" ಅನ್ನುತ್ತಾರೆ. ಹೈವೇಯಲ್ಲಿ ಗಾಳಿ ತಾನಾಗಿ ನುಗ್ಗುತ್ತದೆ, ಎಂಜಿನ್‌ಗೂ ಅಷ್ಟು ಭಾರ ಇರುವುದಿಲ್ಲ. ನಿಜವಾದ ಪರೀಕ್ಷೆ ಶನಿವಾರ, ಭಾನುವಾರ ಬೆಳಗ್ಗೆ ನಂದಿಬೆಟ್ಟದ ಏರು. ಮುಂದೆ ಕಾರಿನ ಸಾಲು, ಫಸ್ಟ್ ಗೇರ್, ಎಸಿ ಆನ್, ನಾಲ್ಕು ಜನ. ಗಾಳಿ ಇಲ್ಲ, ಭಾರ ಇದೆ. ಇನ್ನು ಮುಳ್ಳನ್ನು ನಂಬಬೇಡಿ. ಈಗಿನ ಎಷ್ಟೋ ಕಾರುಗಳಲ್ಲಿ ಕೂಲೆಂಟ್ (ಎಂಜಿನ್ ತಣಿಸುವ ನೀರು) ಬಿಸಿ ಸುಮಾರು ಹೆಚ್ಚು ಕಡಿಮೆಯಾದರೂ ಮುಳ್ಳು ಮಧ್ಯದಲ್ಲೇ ನಿಲ್ಲುವ ಹಾಗೆ ಮಾಡಿರುತ್ತಾರೆ. ಅದು ಎದ್ದಿತು ಅಂದರೆ ಆಗಲೇ ತಡವಾಗಿದೆ. ಕಾರಿನ ಕಂಪ್ಯೂಟರ್‌ನ ನಂಬರ್ ಓದಿ ತೋರಿಸುವ ಒಂದು ಓಬಿಡಿ ರೀಡರ್ ಸಿಕ್ಕಿಸಿ ಕೂಲೆಂಟ್ ಮತ್ತು ಎಂಜಿನ್ ಒಳಗೆ ಹೋಗುವ ಇಂಟೇಕ್ ಗಾಳಿ, ಎರಡರ ಡಿಗ್ರಿಯನ್ನೂ ನೋಡಿ. ಕೂಲೆಂಟ್ 110 ದಾಟಿ ಏರುತ್ತಲೇ ಇದ್ದರೆ ನಿಲ್ಲಿಸಿ. ನಿಮ್ಮ ಕಾರಿನ ಮಿತಿ ಇದಕ್ಕಿಂತ ಬೇರೆ ಇರಬಹುದು, ಪುಸ್ತಕ ನೋಡಿಕೊಳ್ಳಿ. ಬಿಸಿಗೆ ಎಂಜಿನ್‌ನ ಹೆಡ್ ಮತ್ತು ಬ್ಲಾಕ್ ನಡುವಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್ ಹೋದರೆ ಇಂಟರ್‌ಕೂಲರ್ ಖರ್ಚು ಸಣ್ಣದು ಅನ್ನಿಸುತ್ತದೆ.

ಹಾಗಾದರೆ ಹೇಗೆ ಹಾಕುವುದು? ಕೋರ್ ತರುವ ಮುಂಚೆ ಬಂಪರ್ ಬಿಚ್ಚಿ ಅಳತೆ ತೆಗೆಯಿರಿ, ಆಮೇಲಲ್ಲ. ಬೀಮ್ ಹಿಂದೆ ಎಷ್ಟು ಜಾಗ, ಕೆಳಗೆ ಎಷ್ಟು ಜಾಗ ಅಂತ ನೋಡಿ. ಬೀಮ್‌ನ ಕೆಳಗೆ ಕೂರುವ, ಎತ್ತರ ಕಡಿಮೆ ಅಗಲ ಜಾಸ್ತಿ ಇರುವ ಕೋರ್ ನನಗೆ ಇಷ್ಟ. ರೇಡಿಯೇಟರ್‌ನ ಮೇಲಿನ ಭಾಗಕ್ಕೆ ತಣ್ಣನೆ ಗಾಳಿ ಸಿಗುತ್ತದೆ. ಆದರೆ ತೀರಾ ಕೆಳಗೆ ಬೇಡ, ನಮ್ಮ ಊರುಗಳ ಹಂಪ್ ನಿಮಗೆ ಗೊತ್ತಲ್ಲ. ಕಂಡೆನ್ಸರ್‌ಗೂ ಇದಕ್ಕೂ ನಡುವೆ ಸ್ವಲ್ಪ ಜಾಗ ಇರಲಿ, ಉಜ್ಜಿ ಉಜ್ಜಿ ತೂತಾಗುತ್ತದೆ. ರಬ್ಬರ್ ಬುಷ್ ಮೇಲೆ ಕೂರಿಸಿ. ಪೈಪ್ ಹಾಯಿಸಲು ಲಾಂಗ್ ಮೆಂಬರ್ ಕೊರೆಯಬೇಡಿ. ಹಾರ್ನ್ ಸರಿಸಿ, ಬೇಕಾದರೆ ವಾಷರ್ ಟ್ಯಾಂಕ್ ಸರಿಸಿ.

ಇದಕ್ಕಿಂತ ಮುಖ್ಯ, ಗಾಳಿಯ ದಾರಿ. ಗಾಳಿ ಸೋಮಾರಿ. ಪಕ್ಕದಲ್ಲಿ ಸಂದಿ ಸಿಕ್ಕರೆ ಕೋರ್ ಒಳಗೆ ಹೋಗುವುದೇ ಇಲ್ಲ. ರೇಡಿಯೇಟರ್ ಅಕ್ಕಪಕ್ಕ ಕಂಪನಿಯವರು ಹಾಕಿರುವ ಪ್ಲಾಸ್ಟಿಕ್ ತಡಿಕೆ, ಸ್ಪಂಜ್ ಪಟ್ಟಿಗಳನ್ನು ಬಿಚ್ಚಿದವರು ವಾಪಸ್ ಹಾಕುವುದಿಲ್ಲ. "ಸುಮ್ನೆ ಅಡ್ಡ" ಅನ್ನುತ್ತಾರೆ. ಸಾಲಿನಲ್ಲಿ ನಿಂತಾಗ ಎಂಜಿನ್‌ನ ಬಿಸಿ ಗಾಳಿ ಸುತ್ತಿ ಮತ್ತೆ ಮುಂದೆ ಬರದಂತೆ ತಡೆಯುವುದೂ ಅವೇ. ಎಷ್ಟೋ ಬಿಸಿಯಾಗುವ ಕಾರುಗಳಿಗೆ ನಾನು ಮಾಡಿದ್ದು ಇಷ್ಟೇ: ಶೀಟ್ ಕೊಯ್ದು ತಡಿಕೆ ಮಾಡಿ ಸಂದಿ ಮುಚ್ಚಿದ್ದು.

ಕಾಗದದ ವಿಷಯವೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಾರ್ಪಾಡಿನ ಬಗ್ಗೆ ಹೇಳುತ್ತದೆ. ನಿಮ್ಮ ಕೆಲಸಕ್ಕೆ ಅದು ಎಷ್ಟು ಅನ್ವಯ ಅಂತ ಆರ್‌ಟಿಒದಲ್ಲಿ ಕೇಳಿ, ಇನ್ಶೂರೆನ್ಸ್‌ನವರಿಗೂ ತಿಳಿಸಿ. ಮುಚ್ಚಿಟ್ಟರೆ ಕ್ಲೇಮ್ ಹೊತ್ತಿಗೆ ತಕರಾರು ಬರಬಹುದು. ಮತ್ತೆ, ರೀಮ್ಯಾಪ್ (ಎಂಜಿನ್ ಕಂಪ್ಯೂಟರ್‌ನ ಸೆಟ್ಟಿಂಗ್ ಬದಲಾವಣೆ) ಮಾಡಿಸದ ಕಾರಿಗೆ ದೊಡ್ಡ ಇಂಟರ್‌ಕೂಲರ್ ಹಾಕಿದರೆ ಪಿಕಪ್‌ನಲ್ಲಿ ದೊಡ್ಡ ವ್ಯತ್ಯಾಸ ಕಾಣುವುದು ಅಪರೂಪ. ಬೇಸಿಗೆಯಲ್ಲಿ ಸ್ವಲ್ಪ ಅನುಕೂಲ, ಅಷ್ಟೇ. ಇದನ್ನು ಹೇಳಿದರೆ ಕೆಲವರು ಎದ್ದು ಹೋಗುತ್ತಾರೆ. ಹೋಗಲಿ.

ನಾನು ಹಾಕಿದ ಕಾರನ್ನು ಮೊದಲ ವಾರವೇ ನಂದಿಬೆಟ್ಟ ಹತ್ತಿಸಿ, ರೀಡರ್‌ನ ನಂಬರ್ ಫೋಟೊ ತೆಗೆದು ತನ್ನಿ. ಜಾಸ್ತಿ ಇದ್ದರೆ ತಡಿಕೆ ಸರಿ ಮಾಡುತ್ತೇನೆ, ಆಗಲೂ ಇಳಿಯದಿದ್ದರೆ ಸಣ್ಣ ಕೋರ್ ಹಾಕುತ್ತೇನೆ. ಬೀಮ್ ಕೊಯ್ಯಲೇಬೇಕು ಅನ್ನುವವರಿಗೆ ಬಂಪರ್ ಬಿಚ್ಚಿ ಹಾಕಿದ ಕೂಲಿ ಮಾತ್ರ ತೆಗೆದುಕೊಂಡು ಕಳಿಸುತ್ತೇನೆ.