ಹಸುಗೂಸಿನ ಸಿಬಿಸಿ ವರದಿಯಲ್ಲಿ ಲಿಂಫೋಸೈಟ್ ಸಾಲು ಓದಿ

“ಡಾಕ್ಟ್ರೇ, ಪಾಪುಗೆ ಹಾರ್ಟ್ ದೊಡ್ಡದಾಗಿದೆಯಂತಲ್ಲ?” ಎರಡು ತಿಂಗಳ ಕೂಸಿನ ಎದೆಯ ಎಕ್ಸ್‌ರೇ ಹಿಡಿದು ಬಂದವರು ಹೀಗೆ ಕೇಳುವುದುಂಟು. ಎಷ್ಟೋ ಸಲ ಅದು ಹೃದಯವೇ ಅಲ್ಲ. ಎದೆಮೂಳೆಯ ಹಿಂದೆ, ಹೃದಯದ ಮೇಲ್ಭಾಗಕ್ಕೆ ಅಂಟಿಕೊಂಡಿರುವ ಥೈಮಸ್ ಗ್ರಂಥಿಯ ನೆರಳು. ಎಳೆಯ ಮಕ್ಕಳಲ್ಲಿ ಅದು ದೊಡ್ಡದಾಗಿಯೇ ಇರಬೇಕು.

ಇಷ್ಟನ್ನು ಅರಿಯಲು ವೈದ್ಯಲೋಕಕ್ಕೇ ಬಹುಕಾಲ ಬೇಕಾಯಿತು. ಹಿಂದೆ ಶವಪರೀಕ್ಷೆಗೆ ಸಿಗುತ್ತಿದ್ದ ದೇಹಗಳು ಹೆಚ್ಚಾಗಿ ಬಡವರವು. ಹಸಿವು, ಕಾಯಿಲೆಗಳಿಂದ ತಿಂಗಳುಗಟ್ಟಲೆ ನರಳಿದವರವು. ಅಂಥ ನರಳಿಕೆ ಥೈಮಸ್ಸನ್ನು ಕುಗ್ಗಿಸುತ್ತದೆ. ಆ ಕುಗ್ಗಿದ ಗಾತ್ರವನ್ನೇ ಸಹಜವೆಂದುಕೊಂಡವರು, ಹಠಾತ್ತನೆ ತೀರಿಕೊಂಡ ಮಗುವಿನಲ್ಲಿ ಕಂಡ ಆರೋಗ್ಯವಂತ ಗ್ರಂಥಿಯ ಮೇಲೆ ಸಾವಿನ ಆರೋಪ ಹೊರಿಸಿದರು. 20ನೇ ಶತಮಾನದ ಮೊದಲರ್ಧದಲ್ಲಿ ಅಮೆರಿಕದಲ್ಲಿ ಎಷ್ಟೋ ಶಿಶುಗಳ ಎದೆಗೆ ವಿಕಿರಣ ಹಾಯಿಸಿ ಥೈಮಸ್ ಕುಗ್ಗಿಸಿದರು. ಅವರಲ್ಲಿ ಹಲವರಿಗೆ ಮುಂದೆ ಥೈರಾಯ್ಡ್ ಕ್ಯಾನ್ಸರ್ ಬಂತು. ಓದಿದಾಗಲೆಲ್ಲ ಸಂಕಟವಾಗುವ ಚರಿತ್ರೆ ಇದು.

1961ರಲ್ಲಿ ಲಂಡನ್ನಿನಲ್ಲಿ ವಿಜ್ಞಾನಿ ಜಾಕ್ ಮಿಲ್ಲರ್ ಆಗತಾನೆ ಹುಟ್ಟಿದ ಇಲಿಮರಿಗಳ ಥೈಮಸ್ ತೆಗೆದು ನೋಡಿದರು. ಅವುಗಳ ರಕ್ತದಲ್ಲಿ ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳಾದ ಲಿಂಫೋಸೈಟ್‌ಗಳು ಕುಸಿದವು, ಮರಿಗಳು ಸೋಂಕಿಗೆ ಸಿಕ್ಕಿ ಸೊರಗಿದವು. ಬೇರೆ ತಳಿಯ ಇಲಿಯ ಚರ್ಮ ಕಸಿ ಮಾಡಿದರೂ ದೇಹ ಅದನ್ನು ತಿರಸ್ಕರಿಸಲಿಲ್ಲ. ಥೈಮಸ್‌ನಲ್ಲಿ ಪಳಗುವ ಲಿಂಫೋಸೈಟ್‌ಗಳೇ ಟಿ ಕೋಶಗಳು; ಆ ‘ಟಿ’ ಬಂದದ್ದು ಈ ಥೈಮಸ್‌ನಿಂದಲೇ.

ಅಸ್ಥಿಮಜ್ಜೆಯಲ್ಲಿ ಹುಟ್ಟಿದ ಎಳೆಯ ಕೋಶಗಳು ಥೈಮಸ್‌ಗೆ ಬಂದು, ತಮ್ಮ ವಂಶವಾಹಿಯ ತುಣುಕುಗಳನ್ನು ಸಿಕ್ಕಂತೆ ಜೋಡಿಸಿಕೊಂಡು ಹೊರಗಿನದನ್ನು ಗುರುತಿಸುವ ಒಂದೊಂದು ಬಗೆಯ ಗ್ರಾಹಕ (ರಿಸೆಪ್ಟರ್) ರೂಪಿಸಿಕೊಳ್ಳುತ್ತವೆ. ಜೋಡಣೆ ಸಿಕ್ಕಂತೆ ಆಗುವುದರಿಂದ ಜಾಳಿಸಲೇಬೇಕು. ಸೋಂಕಿನ ಚೂರನ್ನು ಎತ್ತಿ ತೋರಿಸುವ ನಮ್ಮದೇ ಎಂಎಚ್‌ಸಿ ಪ್ರೋಟೀನನ್ನು ಗುರುತಿಸಲಾಗದ ಕೋಶ ಸಾಯುತ್ತದೆ. ನಮ್ಮ ಅಂಗಾಂಶವನ್ನೇ ಬಿಗಿಯಾಗಿ ಹಿಡಿಯುವ ಕೋಶವೂ ಬಹುತೇಕ ಸಾಯುತ್ತದೆ. ಇದಕ್ಕಾಗಿ ಇನ್ಸುಲಿನ್‌ನಂಥ, ಬೇರೆ ಅಂಗದಲ್ಲಿ ತಯಾರಾಗುವ ಪ್ರೋಟೀನ್‌ಗಳನ್ನೂ ಥೈಮಸ್ ತನ್ನೊಳಗೆ ಒಂದಿಷ್ಟು ತಯಾರಿಸಿ ಒಡ್ಡುತ್ತದೆ. ಬಂದ ಕೋಶಗಳಲ್ಲಿ ಶೇ. 95ಕ್ಕೂ ಹೆಚ್ಚು ಅಲ್ಲೇ ಮುಗಿಯುತ್ತವೆ. ಉಳಿದು ಹೊರಬಂದವುಗಳಲ್ಲಿ ಕೆಲವು ಸೋಂಕು ತಗುಲಿದ ಕೋಶಗಳನ್ನು ಕೊಲ್ಲುತ್ತವೆ, ಕೆಲವು ಇನ್ನೊಂದು ಬಗೆಯ ಲಿಂಫೋಸೈಟ್‌ಗಳಾದ ಬಿ ಕೋಶಗಳಿಗೆ ನೆರವಾಗಿ ಪ್ರತಿಕಾಯ ಮಾಡಿಸುತ್ತವೆ, ಇನ್ನು ಕೆಲವು ಈ ಎಲ್ಲವನ್ನೂ ಹದ್ದುಬಸ್ತಿನಲ್ಲಿಡುತ್ತವೆ. ಕೊನೆಯ ಬಗೆಯ ಶೋಧಕ್ಕೆ 2025ರ ನೊಬೆಲ್ ಸಂದಿತು.

ಟಿ ಕೋಶಗಳೇ ಇಲ್ಲದೆ ಹುಟ್ಟುವ ಮಕ್ಕಳಿದ್ದಾರೆ. ಆಸ್ಪತ್ರೆಯ ಮಾತಿನಲ್ಲಿ ಈ ಕಾಯಿಲೆಯ ಹೆಸರು ‘ಸ್ಕಿಡ್’. ಹುಟ್ಟಿದಾಗ ಮಗು ಮುದ್ದಾಗಿ, ಗಟ್ಟಿಯಾಗಿಯೇ ಇರುತ್ತದೆ. ಕೆಲ ವಾರ, ತಿಂಗಳುಗಳಲ್ಲಿ ನಿಲ್ಲದ ಭೇದಿ, ಮತ್ತೆ ಮತ್ತೆ ನ್ಯುಮೋನಿಯಾ, ಔಷಧಿ ಹಚ್ಚಿದರೂ ಹೋಗದ ಬಾಯೊಳಗಿನ ಬಿಳಿ ಫಂಗಸ್, ಏರದ ತೂಕ. ಅಮೆರಿಕದಲ್ಲಿ 2018ರ ಕೊನೆಯ ಹೊತ್ತಿಗೆ ಎಲ್ಲ ರಾಜ್ಯಗಳೂ ನವಜಾತ ಶಿಶುಗಳಲ್ಲಿ ಇದನ್ನು ಹುಡುಕತೊಡಗಿದ್ದವು. ನಮ್ಮಲ್ಲಿ ಆ ವ್ಯವಸ್ಥೆ ದೇಶದಾದ್ಯಂತ ಇಲ್ಲ. ಎಕ್ಸ್‌ರೇಯಲ್ಲಿ ಥೈಮಸ್ ನೆರಳು ಕಾಣದಿದ್ದರೆ ಸಂಶಯಪಡಬೇಕು ನಿಜ. ಆದರೆ ಬೇರಾವುದೋ ಕಾಯಿಲೆಯಲ್ಲಿ ಬಳಲುತ್ತಿರುವ ಕೂಸಿನಲ್ಲೂ ಆ ಗ್ರಂಥಿ ಕುಗ್ಗಿರುತ್ತದೆ.

ಹಾಗಾಗಿ ನಾನು ಪಟ್ಟು ಹಿಡಿಯುವುದು ತಾಲ್ಲೂಕು ಕೇಂದ್ರದಲ್ಲೂ ಆಗುವ, ರಕ್ತಕಣಗಳನ್ನು ಎಣಿಸುವ ಸಿಬಿಸಿ ಪರೀಕ್ಷೆಯ ಮೇಲೆ. ಬಿಳಿ ರಕ್ತಕಣಗಳ ಒಟ್ಟು ಎಣಿಕೆ 6,000, ಅದರಲ್ಲಿ ಲಿಂಫೋಸೈಟ್ ಶೇ. 20 ಎಂದಿದ್ದರೆ ಲೆಕ್ಕ 1,200. ಲ್ಯಾಬ್ ವರದಿಯ ಪಕ್ಕದಲ್ಲಿ ದೊಡ್ಡವರ ಮಿತಿ ಅಚ್ಚಾಗಿದ್ದರೆ 1,200ಕ್ಕೆ ಯಾವ ಗುರುತೂ ಬೀಳುವುದಿಲ್ಲ, ಏಕೆಂದರೆ ದೊಡ್ಡವರಿಗೆ ಅದು ಸಹಜ. ಮೂರು ತಿಂಗಳ ಕೂಸಿಗೆ ಅಲ್ಲ. ಆ ವಯಸ್ಸಿನಲ್ಲಿ 3,000ಕ್ಕಿಂತ ಕಡಿಮೆ ಕಂಡರೆ ಮತ್ತೊಮ್ಮೆ ಎಣಿಸಬೇಕು. ಆಗಲೂ ಕಡಿಮೆಯಿದ್ದರೆ ಫ್ಲೋ ಸೈಟೋಮೆಟ್ರಿಯಲ್ಲಿ ಟಿ ಕೋಶಗಳನ್ನು ಬೇರೆಯಾಗಿ ಎಣಿಸಲು ಕಳಿಸಬೇಕು. ಬಿ ಕೋಶಗಳು ಅಥವಾ ತಾಯಿಯಿಂದ ದಾಟಿಬಂದ ಟಿ ಕೋಶಗಳು ಸಂಖ್ಯೆ ತುಂಬಿಸಿಬಿಡುವುದೂ ಉಂಟು. ಲಕ್ಷಣ ಬಲವಾಗಿದ್ದರೆ ಸಿಬಿಸಿ ಸರಿಯಿದೆಯೆಂದು ಸುಮ್ಮನಾಗಬಾರದು.

ಅವಸರವೇಕೆಂದರೆ, ಅಸ್ಥಿಮಜ್ಜೆ ಕಸಿಯಿಂದ ಈ ಮಕ್ಕಳು ಬದುಕುತ್ತಾರೆ. ಮೂರೂವರೆ ತಿಂಗಳೊಳಗೆ ಕಸಿಯಾದವರಲ್ಲಿ ಐದು ವರ್ಷದ ನಂತರವೂ ಶೇ. 94 ಮಂದಿ ಬದುಕಿದ್ದರೆಂದು 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ಹೇಳಿತು. ಸೋಂಕು ಬೇರೂರಿದ ಮೇಲೆ ಫಲ ಅಷ್ಟಿರುವುದಿಲ್ಲ.

ಮನೆಯ ಹಿನ್ನೆಲೆ ಕೇಳುವಾಗ ಮೆತ್ತಗೆ ಕೇಳಬೇಕು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದ ತಾಯಿಯನ್ನು ಮನೆಯವರು ಮೊದಲೇ ಚುಚ್ಚಿರುತ್ತಾರೆ. ಹತ್ತಿರದ ಸಂಬಂಧದಲ್ಲಿ ಸ್ಕಿಡ್‌ನ ಕೆಲವು ಬಗೆಗಳ ಸಾಧ್ಯತೆ ಹೆಚ್ಚುವುದು ಹೌದು, ಸಂಬಂಧವೇ ಇಲ್ಲದವರ ಮದುವೆಯಲ್ಲೂ ಈ ಕಾಯಿಲೆ ಬರುವುದು ಹೌದು. ಒಂದು ಬಗೆ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವುದರಿಂದ, ತಾಯಿಯ ಅಣ್ಣತಮ್ಮಂದಿರಲ್ಲಿ ಯಾರಾದರೂ ಕೂಸಾಗಿದ್ದಾಗಲೇ ಸೋಂಕಿನಿಂದ ತೀರಿಕೊಂಡಿದ್ದರೇ ಎಂದೂ ವಿಚಾರಿಸಬೇಕು.

ಹಿಂದೊಂದು ಕೂಸನ್ನು ಸೋಂಕಿಗೆ ಕಳೆದುಕೊಂಡವರು ಹೆರಿಗೆಗೆ ಮುಂಚೆಯೇ ವೈದ್ಯರಿಗೆ ತಿಳಿಸಿ. ಮಿಕ್ಕ ಮಕ್ಕಳಿಗೆ ಕ್ಷಯದ ಲಸಿಕೆ ಬಿಸಿಜಿ ಹುಟ್ಟಿದ ಕೂಡಲೇ ಬೇಕು, ಅದನ್ನು ತಪ್ಪಿಸಬೇಡಿ. ಈ ಮನೆಗಳ ಮಗುವಿಗೆ ಮಾತ್ರ ಟಿ ಕೋಶಗಳ ಎಣಿಕೆ ಗೊತ್ತಾಗುವವರೆಗೆ ಬಿಸಿಜಿ, ಪೋಲಿಯೊ ಹನಿ, ರೋಟಾವೈರಸ್ ಹನಿ ಈ ಮೂರನ್ನೂ ತಡೆದಿಡಬೇಕು. ಇವು ಜೀವಂತ ಲಸಿಕೆಗಳು; ಟಿ ಕೋಶಗಳಿಲ್ಲದ ದೇಹದಲ್ಲಿ ಬಿಸಿಜಿಯ ಬ್ಯಾಕ್ಟೀರಿಯಾವೇ ಮೈಯೆಲ್ಲ ಹರಡಬಲ್ಲದು. ಅಷ್ಟರೊಳಗೆ ರಕ್ತ ಕೊಡಬೇಕಾಗಿ ಬಂದರೆ ದಾನಿಯ ಲಿಂಫೋಸೈಟ್‌ಗಳು ಮಗುವಿನ ಮೇಲೆ ಎರಗದಂತೆ ವಿಕಿರಣ ಹಾಯಿಸಿದ ರಕ್ತವನ್ನೇ ಕೇಳಿ.