ಹೆಣ್ಣು ಪತಂಗದ ಕರೆ ಪತ್ತೆಯಾಗಲು 5 ಲಕ್ಷ ಪತಂಗ ಬೇಕಾಯಿತು

ರೇಷ್ಮೆ ಗೂಡಿನಿಂದ ಹೊರಬರುವ ಪತಂಗಕ್ಕೆ ಆಯುಸ್ಸು ಅಂತ ಇರುವುದು ಕೆಲವೇ ದಿನ. ಅದು ಏನನ್ನೂ ತಿನ್ನುವುದಿಲ್ಲ. ರೆಕ್ಕೆ ಇದ್ದರೂ ಹಾರಲು ಬರುವುದಿಲ್ಲ. ಸಾವಿರಾರು ವರ್ಷ ಮನುಷ್ಯರ ಸಾಕಣೆಯಲ್ಲೇ ಇದ್ದು ಆ ವಿದ್ಯೆ ಮರೆತೇಹೋಗಿದೆ. ಉಳಿದಿರುವ ಕೆಲಸ ಒಂದೇ, ಜೋಡಿ ಹುಡುಕುವುದು.

ಮೊಟ್ಟೆ ತಯಾರಿಸುವ ಗ್ರೈನೇಜ್‌ಗಳಲ್ಲಿ ಇದನ್ನು ಹತ್ತಿರದಿಂದ ನೋಡಬಹುದು. ಹೆಣ್ಣು ದಪ್ಪ ಹೊಟ್ಟೆ ಹೊತ್ತುಕೊಂಡು ಕೂತಲ್ಲೇ ಕೂತಿರುತ್ತದೆ. ಹೊಟ್ಟೆಯ ತುದಿಯಿಂದ ಹಳದಿ ಬಣ್ಣದ ಎರಡು ಪುಟ್ಟ ಚೀಲಗಳನ್ನು ಹೊರಗೆ ಚಾಚುತ್ತದೆ, ಅಷ್ಟೇ. ಅಲ್ಲಿಯವರೆಗೆ ಸುಮ್ನೆ ಬಿದ್ದಿದ್ದ ಗಂಡು ಪತಂಗ ತಟ್ಟನೆ ರೆಕ್ಕೆ ಬಡಿಯಲು ಶುರು ಮಾಡುತ್ತದೆ. ಹಾರುವುದಕ್ಕಲ್ಲ, ಎದುರಿನ ಗಾಳಿಯನ್ನು ತನ್ನ ಮೀಸೆಯ ಮೇಲೆ ಎಳೆದುಕೊಳ್ಳುವುದಕ್ಕೆ. ಬಾಚಣಿಗೆಯ ಹಲ್ಲಿನಂತಿರುವ ಆ ಮೀಸೆಯೇ ಅದರ ಮೂಗು. ಒಂದೊಂದು ಮೀಸೆಯಲ್ಲೂ ಸುಮಾರು 17,000 ಸೂಕ್ಷ್ಮ ಕೂದಲುಗಳು ಹೆಣ್ಣಿನ ವಾಸನೆಗೆಂದೇ ಮೀಸಲಾಗಿವೆ. ರೆಕ್ಕೆ ಬಡಿಯುತ್ತ, ಅತ್ತಿತ್ತ ವಾಲಾಡುತ್ತ, ಗಂಡು ನಡೆದೇ ಹೆಣ್ಣನ್ನು ತಲುಪುತ್ತದೆ.

ಇದೆಲ್ಲ ಶತಮಾನಗಳಿಂದ ರೇಷ್ಮೆ ಸಾಕುವವರ ಕಣ್ಣೆದುರೇ ನಡೆಯುತ್ತಿತ್ತು. ಆದರೂ ಗಂಡಿಗೆ ಸುದ್ದಿ ಮುಟ್ಟಿಸುವುದು ಯಾವುದು ಎಂಬುದಕ್ಕೆ 20ನೇ ಶತಮಾನದ ನಡುಭಾಗದವರೆಗೂ ಗಟ್ಟಿ ಉತ್ತರ ಇರಲಿಲ್ಲ. ತೊಡಕಿದ್ದದ್ದು ನಮ್ಮ ಮೂಗಿನಲ್ಲಿ. ಕಸ್ತೂರಿ, ಪುನುಗು ನಮಗೂ ಗೊತ್ತಾಗುವ ವಾಸನೆಗಳು. ಹಾಗಾಗಿ ಅವುಗಳನ್ನು ಗುರುತಿಸಿದೆವು, ಮಾರಿದೆವು, ಪೂಜೆಗೂ ಬಳಸಿದೆವು. ಕಸ್ತೂರಿ ಗ್ರಂಥಿ ಗಂಡು ಮೃಗಕ್ಕೆ ಮಾತ್ರ ಇರುವುದೂ ಬೇಟೆಗಾರರಿಗೆ ತಿಳಿದಿತ್ತು. ನಮಗೆ ವಾಸನೆಯೇ ಬಾರದ ಕಡೆ ಇನ್ಯಾವುದೋ ಪ್ರಾಣಿ ವಾಸನೆ ಹಿಡಿಯುತ್ತಿದೆ ಅಂದರೆ ನಂಬುವುದು ಹೇಗೆ, ಅಲ್ವಾ?

19ನೇ ಶತಮಾನದ ಕೊನೆಯಲ್ಲಿ ಈ ಗೋಜಲಿಗೆ ಕೈ ಹಾಕಿದವರು ಫ್ರಾನ್ಸ್‌ನ ಕೀಟ ವೀಕ್ಷಕ ಜಾನ್ ಆನ್ರಿ ಫಾಬ್ರ್. ಒಂದು ಮೇ ತಿಂಗಳ ಬೆಳಿಗ್ಗೆ ಅವರ ಮನೆಯಲ್ಲಿ ದೊಡ್ಡ ನವಿಲು ಪತಂಗದ ಹೆಣ್ಣೊಂದು ಗೂಡಿನಿಂದ ಹೊರಬಂತು. ಅದನ್ನು ತಂತಿ ಬಲೆಯ ಮುಚ್ಚಳದಡಿ ಇಟ್ಟರು. ರಾತ್ರಿ ಒಂಬತ್ತರ ಹೊತ್ತಿಗೆ ಸುಮಾರು 40 ಗಂಡು ಪತಂಗಗಳು ಮನೆಗೆ ನುಗ್ಗಿದ್ದವು. ಆ ಭಾಗದಲ್ಲಿ ಈ ಜಾತಿ ಕಾಣಸಿಗುವುದೇ ಅಪರೂಪ. ಅಂದಮೇಲೆ ಅವು ದೂರದಿಂದ, ಕತ್ತಲಲ್ಲಿ, ಮರಗಿಡಗಳ ನಡುವೆ ನುಸುಳಿಕೊಂಡೇ ಬಂದಿರಬೇಕು.

ಫಾಬ್ರ್ ಪ್ರಯೋಗದ ಮೇಲೆ ಪ್ರಯೋಗ ಮಾಡಿದರು. ಹೆಣ್ಣನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಟ್ಟರೆ ಒಂದು ಗಂಡೂ ಬರಲಿಲ್ಲ. ಮುಚ್ಚಳ ಸ್ವಲ್ಪ ಸಡಿಲಿಸಿದರೆ ಬಂದವು. ಹಾಗಾದರೆ ವಾಸನೆಯೇ ಇರಬೇಕು ಎಂದು ಕೋಣೆಯ ತುಂಬ ನುಸಿಗುಳಿಗೆಯ ಘಾಟು ಹಬ್ಬಿಸಿದರು. ಗಂಡುಗಳು ಕ್ಯಾರೇ ಅನ್ನಲಿಲ್ಲ. ಇಷ್ಟು ಘಾಟಿನಲ್ಲೂ ಕೆಲಸ ಮಾಡುವ ವಾಸನೆ ಎಂಥದ್ದು ಎಂದು ಫಾಬ್ರ್ ತಲೆಕೆಡಿಸಿಕೊಂಡರು. ಮುಂದೆ ಬೇರೊಂದು ಜಾತಿಯ ಪತಂಗ ದಾರಿ ತೋರಿಸಿತು. ಆ ಹೆಣ್ಣನ್ನು ಗಾಜಿನಡಿ, ಕಣ್ಣಿಗೆ ಕಾಣುವಂತೆ ಇಟ್ಟರೂ ಗಂಡುಗಳು ಅದರತ್ತ ತಿರುಗಿ ನೋಡಲಿಲ್ಲ. ಹಿಂದಿನ ರಾತ್ರಿ ಅದು ಕೂತಿದ್ದ ಖಾಲಿ ಜಾಗಕ್ಕೆ ಹೋಗಿ ಮುತ್ತಿಕೊಂಡವು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತ್ಯಂತ ಚಂದದ ಸಾಕ್ಷಿ ಇದು. ಆದರೂ ವಾಸನೆ ಎಂದರೆ ಯಾವ ವಸ್ತು? ಅದನ್ನು ಹೇಳಲು ಆಗಿನ ರಸಾಯನಶಾಸ್ತ್ರಕ್ಕೆ ಶಕ್ತಿ ಇರಲಿಲ್ಲ.

ಆ ಕೆಲಸ ಹಿಡಿದವರು ಜರ್ಮನಿಯ ಅಡಾಲ್ಫ್ ಬುಟೆನಾಂಟ್. ಲೈಂಗಿಕ ಹಾರ್ಮೋನ್‌ಗಳ ಸಂಶೋಧನೆಗೆ 1939ರಲ್ಲಿ ನೊಬೆಲ್ ಸಿಕ್ಕಿದ ವಿಜ್ಞಾನಿ. ನಾಜಿ ಸರ್ಕಾರ ಅದನ್ನು ತೆಗೆದುಕೊಳ್ಳಲು ಬಿಡಲಿಲ್ಲ, ಅದು ಬೇರೆ ಮಾತು. ಅವರು ರೇಷ್ಮೆ ಪತಂಗವನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಸರಳ. ಸಾಕಿದ ಹುಳು, ಎಷ್ಟು ಬೇಕಾದರೂ ಸಿಗುತ್ತದೆ. ಜೊತೆಗೆ ಗಂಡಿನ ರೆಕ್ಕೆ ಬಡಿತವೇ ಪರೀಕ್ಷೆಯ ಅಳತೆಗೋಲು. ಹೆಣ್ಣುಗಳ ಗ್ರಂಥಿಯಿಂದ ತೆಗೆದ ರಸವನ್ನು ಬಿಡಿಬಿಡಿಯಾಗಿ ಬೇರ್ಪಡಿಸುವುದು, ಒಂದೊಂದರಲ್ಲೂ ಗಾಜಿನ ಕಡ್ಡಿ ಅದ್ದಿ ಗಂಡಿನ ಮುಂದೆ ಹಿಡಿಯುವುದು. ರೆಕ್ಕೆ ಬಡಿದರೆ ಅದೇ ದಾರಿಯಲ್ಲಿ ಮುಂದೆ, ಇಲ್ಲವಾದರೆ ಚೆಲ್ಲು. ಹೀಗೆ ಸುಮಾರು 20 ವರ್ಷ ಕಳೆಯಿತು. 5 ಲಕ್ಷ ಹೆಣ್ಣು ಪತಂಗಗಳಿಂದ ಕೊನೆಗೆ ಕೈಗೆ ಬಂದದ್ದು ಕೆಲವೇ ಮಿಲಿಗ್ರಾಂ. 1959ರಲ್ಲಿ ಅದರ ರಚನೆ ಪ್ರಕಟವಾಯಿತು. ಅದಕ್ಕಿಟ್ಟ ಹೆಸರು ಬಾಂಬಿಕಾಲ್. ಅದೇ ವರ್ಷ ಕಾರ್ಲ್‌ಸನ್ ಮತ್ತು ಲೂಷರ್ ಎಂಬಿಬ್ಬರು ಇಂಥ ವಸ್ತುಗಳಿಗೆಲ್ಲ ಫೆರೊಮೋನ್ ಎಂಬ ಹೆಸರು ಕೊಟ್ಟರು. ಅಷ್ಟರಲ್ಲಾಗಲೇ ಡೀಟ್ರಿಷ್ ಷ್ನೈಡರ್ ಎಂಬ ವಿಜ್ಞಾನಿ ಗಂಡಿನ ಮೀಸೆಗೆ ತಂತಿ ಜೋಡಿಸಿ, ವಾಸನೆ ತಗುಲಿದಾಗ ಏಳುವ ವಿದ್ಯುತ್ ಸಂಕೇತವನ್ನು ಅಳೆದಿದ್ದರು. ಬಾಂಬಿಕಾಲ್‌ನ ಒಂದೇ ಒಂದು ಅಣು ಸಾಕು, ಮೀಸೆಯ ಒಂದು ನರಕೋಶ ಎಚ್ಚೆತ್ತುಕೊಳ್ಳುತ್ತದೆ.

ಕೀಟಗಳ ಮಾತು ಬಿಡಿ, ದೊಡ್ಡ ಪ್ರಾಣಿಗಳ ಕಥೆ ಬೇರೆ ಎಂದೇ ಜಾಸ್ತಿ ಜನ ಅಂದುಕೊಂಡಿದ್ದರು. ಆ ನಂಬಿಕೆಯನ್ನು ಅಲುಗಾಡಿಸಿದ್ದು ನಮ್ಮ ಏಷ್ಯಾದ ಆನೆ. ಹೆಣ್ಣಾನೆ ಬೆದೆಗೆ ಬರುವುದು ಸುಮಾರು 16 ವಾರಕ್ಕೊಮ್ಮೆ, ಅದೂ ಕೆಲವೇ ದಿನ. ಬಸುರಿಯಾಗಿ ಮರಿ ಹಾಕಿದರೆ ಮತ್ತೆ ವರ್ಷಗಟ್ಟಲೆ ಬಿಡುವು. ಒಂಟಿಯಾಗಿ ತಿರುಗುವ ಸಲಗಕ್ಕೆ ಆ ದಿನಗಳ ಸುಳಿವು ಸಿಗಲೇಬೇಕು. ಅದಕ್ಕೆ ಅದು ಹೆಣ್ಣಿನ ಮೂತ್ರಕ್ಕೆ ಸೊಂಡಿಲ ತುದಿ ತಾಗಿಸಿ, ಸೊಂಡಿಲನ್ನು ಮಡಿಸಿ ಬಾಯಿಯ ಅಂಗುಳಕ್ಕೆ ಒತ್ತುತ್ತದೆ. ಅಲ್ಲಿ ಎರಡು ಸಣ್ಣ ರಂಧ್ರಗಳಿವೆ. ಅವು ಹೋಗಿ ಸೇರುವುದು ಡೆನ್ಮಾರ್ಕಿನ ಲುಡ್ವಿಗ್ ಯಾಕಬ್ಸನ್ 1813ರಲ್ಲೇ ವಿವರಿಸಿದ್ದ ಒಂದು ಪುಟ್ಟ ಅಂಗವನ್ನು. ಹಳ್ಳಿಯಲ್ಲಿ ಹೋರಿ ಹಸುವಿನ ಗಂಜಲ ಮೂಸಿ, ಕತ್ತು ಎತ್ತಿ, ಮೇಲ್ದುಟಿ ಸುರುಳಿ ಮಾಡುವುದನ್ನು ಕಂಡಿರುತ್ತೀರಿ. ಅದೂ ಇದೇ ಅಂಗಕ್ಕೆ ವಾಸನೆ ಮುಟ್ಟಿಸುವ ಉಪಾಯ.

ಅಮೆರಿಕದ ರಾಸ್ಮುಸೆನ್ ಮತ್ತು ಜೊತೆಗಾರರು ಬೆದೆಯ ಆನೆಯ ಮೂತ್ರವನ್ನು ವರ್ಷಗಟ್ಟಲೆ ಜಾಲಾಡಿ 1996ರಲ್ಲಿ ಆ ವಸ್ತುವನ್ನು ಹೆಸರಿಸಿದರು. ಎಲ್ಲರಿಗೂ ಅಚ್ಚರಿ. ನೂರಕ್ಕೂ ಹೆಚ್ಚು ಜಾತಿಯ ಕೀಟಗಳು, ಅದರಲ್ಲೂ ಪತಂಗಗಳು, ಇದೇ ವಸ್ತುವನ್ನು ತಮ್ಮ ಕರೆಯಲ್ಲಿ ಬಳಸುತ್ತವೆ! ಹಾಗಂತ ಪತಂಗ ಆನೆಯ ಬೆನ್ನು ಹತ್ತುವುದಿಲ್ಲ. ಪತಂಗಗಳ ಕರೆ ಸಾಮಾನ್ಯವಾಗಿ ಹಲವು ವಸ್ತುಗಳ ಮಿಶ್ರಣ. ಪ್ರಮಾಣ ಸ್ವಲ್ಪ ಹೆಚ್ಚುಕಡಿಮೆಯಾದರೂ ಅದು ಬೇರೆಯವರ ವಿಳಾಸ.

ಗಂಡಾನೆಯ ಮದದಲ್ಲೂ ಇಂಥದ್ದೇ ಲೆಕ್ಕವಿದೆ. ಕಣ್ಣು ಕಿವಿಗಳ ನಡುವಿನ ಗ್ರಂಥಿಯಿಂದ ಸುರಿಯುವ ಮದಜಲಕ್ಕೆ ದುಂಬಿಗಳು ಮುತ್ತುವುದು ಹಳಗನ್ನಡ ಕಾವ್ಯದ ಮಾಮೂಲು ವರ್ಣನೆ. ಮದವೇರಿದ ಸಲಗದ ಗಬ್ಬು ವಾಸನೆ ಗೊತ್ತಿದ್ದವರು ಇದು ಕವಿಗಳ ಕಲ್ಪನೆ ಎಂದು ನಕ್ಕಿದ್ದರೆ ತಪ್ಪಿಲ್ಲ. ಆದರೆ 2002ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ, ಮೊದಮೊದಲು ಮದಕ್ಕೆ ಬರುವ ಹರೆಯದ ಗಂಡಿನ ಸ್ರಾವಕ್ಕೆ ಜೇನಿನ ಪರಿಮಳವಿದೆ. ಆ ಸಂಶೋಧಕರಲ್ಲಿ ತಮಿಳುನಾಡಿನ ಹೆಸರಾಂತ ಆನೆ ವೈದ್ಯ ಡಾ. ವಿ. ಕೃಷ್ಣಮೂರ್ತಿಯವರೂ ಒಬ್ಬರು. ವಯಸ್ಸಾದಂತೆ ಆ ಸಿಹಿ ಹೋಗಿ ಫ್ರಂಟಾಲಿನ್ ಎಂಬ ವಸ್ತು ಹೆಚ್ಚುತ್ತದೆ. ಅದನ್ನು ಮೂಸಿದ ಎಳೆಯ ಗಂಡುಗಳು ದಾರಿ ಬಿಟ್ಟು ಸರಿಯುತ್ತವೆ, ಬೆದೆಗೆ ಬರುವ ಹೆಣ್ಣುಗಳು ಹತ್ತಿರವಾಗುತ್ತವೆ. ತಮಾಷೆಯೆಂದರೆ ಈ ಫ್ರಂಟಾಲಿನ್ ಮರದ ತೊಗಟೆ ಕೊರೆಯುವ ದುಂಬಿಗಳ ಫೆರೊಮೋನ್ ಕೂಡ. ಜೇನಿನ ವಾಸನೆ ಒಂದು ಅರ್ಥದಲ್ಲಿ ಹುಡುಗನೊಬ್ಬ ಹಿರಿಯರ ಮುಂದೆ ಕೈಮುಗಿದ ಹಾಗೆ: ನಾನಿನ್ನೂ ನಿಮ್ಮ ಎದುರಾಳಿಯಲ್ಲ.

ಮನುಷ್ಯರ ವಿಷಯಕ್ಕೆ ಹೆಚ್ಚು ಜಾಗ ಕೊಡುವುದಿಲ್ಲ. ‘ಫೆರೊಮೋನ್ ಸೆಂಟ್’ ಎಂದು ಆನ್‌ಲೈನ್‌ನಲ್ಲಿ ಬಾಟಲಿಗಟ್ಟಲೆ ಮಾರುತ್ತಾರೆ. ಆದರೆ ಮನುಷ್ಯರಲ್ಲಿ ಫೆರೊಮೋನ್ ಎಂದು ಸಾಬೀತಾದ ಒಂದೇ ಒಂದು ವಸ್ತು ಈವರೆಗೆ ಇಲ್ಲ. ದುಡ್ಡು ಉಳಿಸಿಕೊಳ್ಳಿ.

ಈ ವಿದ್ಯೆ ನಿಜಕ್ಕೂ ದುಡ್ಡಿನ ಲೆಕ್ಕಕ್ಕೆ ಬಂದದ್ದು ಹೊಲ ತೋಟಗಳಲ್ಲಿ. ಅದರ ಒಂದು ಬೇರು ಬಿಹಾರದ ಪೂಸಾದಲ್ಲಿದೆ. ಅಲ್ಲಿದ್ದ ಕೀಟ ವಿಜ್ಞಾನಿ ಹೌಲೆಟ್, ಸಿಟ್ರೊನೆಲ್ಲಾ ಎಣ್ಣೆಗೆ ಹಣ್ಣು ನೊಣಗಳು ಮುತ್ತುವುದನ್ನು 1912ರಲ್ಲಿ ವರದಿ ಮಾಡಿದರು. ಬಂದವೆಲ್ಲ ಗಂಡುಗಳು. 1915ರ ಹೊತ್ತಿಗೆ ಮೀಥೈಲ್ ಯೂಜಿನಾಲ್ ಎಂಬ ವಸ್ತುವಿನ ಸೆಳೆತವನ್ನೂ ತೋರಿಸಿದರು. ನಮ್ಮ ತುಳಸಿಯಲ್ಲೂ ಇರುವ ವಸ್ತು ಅದು. ಇದು ಹೆಣ್ಣಿನ ವಾಸನೆಯಲ್ಲ. ಗಂಡು ಅದನ್ನು ತಿಂದು, ಹೆಣ್ಣನ್ನು ಸೆಳೆಯುವ ತನ್ನದೇ ಪರಿಮಳ ತಯಾರಿಸಿಕೊಳ್ಳುತ್ತದೆ ಎಂಬುದು ಗೊತ್ತಾದದ್ದು ಎಷ್ಟೋ ದಶಕಗಳ ನಂತರ. ಮಾವಿನ ತೋಟಗಳಲ್ಲಿ ಇವತ್ತು ನೇತಾಡುವ ಮೋಹಕ ಬಲೆಗಳೊಳಗೆ ಇರುವುದು ಇದನ್ನು ಹೀರಿಕೊಂಡ ಪ್ಲೈವುಡ್ ತುಂಡು. ಆದರೆ ಒಂದು ಗಂಡು ಹಲವು ಹೆಣ್ಣುಗಳೊಡನೆ ಕೂಡಬಲ್ಲದು. ಹಾಗಾಗಿ ಒಬ್ಬ ರೈತ ನಾಲ್ಕು ಬಲೆ ಕಟ್ಟಿದರೆ ದೊಡ್ಡ ಉಪಯೋಗವಿಲ್ಲ, ಊರಿನ ತೋಟದವರೆಲ್ಲ ಒಟ್ಟಿಗೆ ಕಟ್ಟಬೇಕು.

ಕೊಡಗು, ಚಿಕ್ಕಮಗಳೂರು, ಹಾಸನದ ಅರೇಬಿಕಾ ಕಾಫಿ ತೋಟಗಳಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಗಿಡದ ಕಾಂಡ ಕೊರೆಯುವ ಬಿಳಿ ಕಾಂಡಕೊರಕ ಎಂಬ ದುಂಬಿಯಲ್ಲಿ ಕರೆಯುವುದು ಗಂಡು, ಬರುವುದು ಹೆಣ್ಣು. 1990ರ ದಶಕದಲ್ಲಿ ಗಂಡಿನ ಆ ವಾಸನೆಯನ್ನು ಗುರುತಿಸಿ ಬಲೆ ತಯಾರಿಸಿದಾಗ ಬೆಳೆಗಾರರಿಗೆ ಆಸೆ ಚಿಗುರಿದ್ದು ಸಹಜ. ಮೊಟ್ಟೆ ಇಡುವ ಹೆಣ್ಣೇ ಸಿಕ್ಕಿಬಿದ್ದರೆ ಇನ್ನೇನು ಬೇಕು? ಆದರೆ ದುಂಬಿಗಳು ಹಾರಾಡುವುದು ಏಪ್ರಿಲ್–ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮಾತ್ರ. ಬಲೆ ಕೆಲಸಕ್ಕೆ ಬರುವುದೂ ಆಗಲೇ. ಕಾಂಡದೊಳಗೆ ತಿಂಗಳುಗಟ್ಟಲೆ ಕೊರೆಯುವ ಹುಳುವಿಗೆ ಯಾವ ವಾಸನೆಯ ಹಂಗೂ ಇಲ್ಲ. ಅಂಥ ಗಿಡವನ್ನು ಈಗಲೂ ಬೇರು ಸಮೇತ ಕಿತ್ತು ಸುಡಲೇಬೇಕು.