ಪದ ಪರಿಚಯ: ಸೆನ್ಸಿಟೈಸೇಶನ್

“ಇಷ್ಟು ವರ್ಷಗಳಿಂದ ಇದನ್ನೇ ಹಚ್ಚುತ್ತಿದ್ದೇನೆ, ಕ್ರೀಮಿನಿಂದ ಆಗಿರಲಿಕ್ಕಿಲ್ಲ.” ಮುಖ ಕೆಂಪಾಗಿ, ಕಣ್ಣಿನ ರೆಪ್ಪೆ ಊದಿಕೊಂಡು ಚರ್ಮವೈದ್ಯರ ಬಳಿ ಬರುವವರು ಸಾಮಾನ್ಯವಾಗಿ ಆಡುವ ಮಾತಿದು. ವಿಜಯಪುರ, ಬಾಗಲಕೋಟೆಯ ಕಡೆ ದೂರು ಮೊದಲು ಹೋಗುವುದು ಬಿಸಿಲಿಗೆ, ಆಮೇಲೆ ಬೋರ್‌ವೆಲ್ ನೀರಿಗೆ, ಅದೂ ಅಲ್ಲವೆಂದಾದರೆ ಹಿಂದಿನ ದಿನ ತಿಂದ ಬದನೆಕಾಯಿ ನಂಜಾಯಿತೆಂದು. ಮೈಗೆ ಆಗಿಬಂದ ಕ್ರೀಮಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಮೊದಲು ಅನುಮಾನಿಸಬೇಕಾದದ್ದು ಅದನ್ನೇ.

ದೇಹದ ರಕ್ಷಣಾ ವ್ಯವಸ್ಥೆ ಒಂದು ನಿರ್ದಿಷ್ಟ ರಾಸಾಯನಿಕವನ್ನು ವೈರಿಯೆಂದು ಗುರುತಿಸಿ ನೆನಪಿಟ್ಟುಕೊಳ್ಳುವುದಕ್ಕೆ ಸೆನ್ಸಿಟೈಸೇಶನ್ ಎನ್ನುತ್ತಾರೆ. ಚರ್ಮದ ಮೇಲ್ಪದರ ದಾಟಬಲ್ಲ ಪುಟ್ಟ ಅಣುಗಳು ಒಳಗಿನ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ಅಲ್ಲಿ ಕಾವಲಿರುವ ಲ್ಯಾಂಗರ್‌ಹಾನ್ಸ್ ಕೋಶಗಳು ಅವನ್ನು ಹಿಡಿದು, ಹತ್ತಿರದ ದುಗ್ಧಗ್ರಂಥಿಗೆ ಒಯ್ದು, ಟಿ ಕೋಶಗಳೆಂಬ ಬಿಳಿ ರಕ್ತಕಣಗಳಿಗೆ ತೋರಿಸುತ್ತವೆ. ಜರ್ಮನಿಯ ಪಾಲ್ ಲ್ಯಾಂಗರ್‌ಹಾನ್ಸ್ ತಮ್ಮ ಹೆಸರು ಹೊತ್ತ ಈ ಕಾವಲು ಕೋಶಗಳನ್ನು 1868ರಲ್ಲಿ ವಿವರಿಸಿದಾಗ ಇನ್ನೂ ವೈದ್ಯ ವಿದ್ಯಾರ್ಥಿ. ಟಿ ಕೋಶಗಳು ವೈರಿಯನ್ನು ಗುರುತಿಸಲು ಕಲಿಯುವುದಕ್ಕೆ ಎರಡು ವಾರ ಸಾಕಾಗಬಹುದು. ಎಷ್ಟೋ ವರ್ಷ ನೆಮ್ಮದಿಯಿಂದ ಬಳಸಿದ ಮೇಲೂ ಆಗಬಹುದು. ಪದೇ ಪದೇ ಹಚ್ಚುವುದೇ ಅಲರ್ಜಿಗೆ ದಾರಿ ಮಾಡಿಕೊಡುತ್ತದೆ ಎಂಬುದನ್ನು ನಂಬುವುದು ಕಷ್ಟ, ಆದರೆ ನಿಜ.

ಒಮ್ಮೆ ಕಲಿತ ಮೇಲೆ, ಮುಂದಿನ ಸಲ ಹಚ್ಚಿದ ಒಂದರಿಂದ ಮೂರು ದಿನಗಳಲ್ಲಿ ತುರಿಕೆ, ಕೆಂಪು, ಕೆಲವೊಮ್ಮೆ ನೀರುಗುಳ್ಳೆ. ಈ ತಡವೇ ನಮ್ಮ ದಾರಿ ತಪ್ಪಿಸುತ್ತದೆ. ಸೋಮವಾರ ಹಚ್ಚಿದ್ದು ಬುಧವಾರ ತುರಿಸತೊಡಗುತ್ತದೆ, ಮಂಗಳವಾರದ ಊಟದ ಮೇಲೆ ತಪ್ಪು ಬೀಳುತ್ತದೆ. ಜಾಗವೂ ಮೋಸ ಮಾಡುತ್ತದೆ: ತಲೆಗೆ ಹಚ್ಚಿದ ಬಣ್ಣಕ್ಕೆ, ಉಗುರಿಗೆ ಹಚ್ಚಿದ ಪಾಲಿಶ್‌ಗೆ ಊದಿಕೊಳ್ಳುವುದು ಅತಿ ತೆಳು ಚರ್ಮದ ರೆಪ್ಪೆ. ಹಚ್ಚಿದ ಕೂಡಲೇ ಚುರುಗುಟ್ಟುವ ಉರಿ ಹೆಚ್ಚಾಗಿ ಬೇರೆ ಬಗೆಯದು. ಕಟುವಾದ ಸಾಬೂನು ಯಾರ ಚರ್ಮವನ್ನಾದರೂ ಕೆರಳಿಸಬಹುದು, ಅದಕ್ಕೆ ಈ ನೆನಪಿನ ಹಂಗಿಲ್ಲ.

ಹೆಸರು ಹಳೆಯದಾದರೂ ಡಬ್ಬಿಯೊಳಗಿನ ಸರಕು ಹಳೆಯದೇ ಆಗಿರಬೇಕೆಂದಿಲ್ಲ. ಕಂಪನಿಗಳು ಕೆಡದಂತೆ ಇಡುವ ರಾಸಾಯನಿಕವನ್ನೋ ಸುಗಂಧವನ್ನೋ ಬದಲಿಸುತ್ತವೆ. ಮೀಥೈಲ್‌ಐಸೋಥಯಾಜೋಲಿನೋನ್ ಎಂಬ ಸಂರಕ್ಷಕದಿಂದ ಅಲರ್ಜಿ ಎಷ್ಟು ಹೆಚ್ಚಿತೆಂದರೆ, ಅಮೆರಿಕದ ಸ್ಪರ್ಶ ಚರ್ಮರೋಗ ತಜ್ಞರ ಸಂಘ ಅದನ್ನು 2013ರ ‘ವರ್ಷದ ಅಲರ್ಜಿಕಾರಕ’ವೆಂದು ಹೆಸರಿಸಿತು. ಡಬ್ಬಿ ಬದಲಾಗದಿದ್ದರೂ ಅಪಾಯವಿದೆ. ಲಿನಲೂಲ್, ಲಿಮೋನೀನ್‌ನಂಥ ಸುಗಂಧಗಳು ಗಾಳಿ ತಾಗಿ ಆಕ್ಸಿಡೀಕರಣಗೊಂಡಾಗ ಅಲರ್ಜಿ ಹುಟ್ಟಿಸುವ ಗುಣ ಹೆಚ್ಚುತ್ತದೆ. ಅರ್ಧ ಖಾಲಿಯಾದ ಬಾಟಲಿಯನ್ನು ವರ್ಷಗಟ್ಟಲೆ ಎತ್ತಿಡಬೇಡಿ. ನಮ್ಮ ಸೀಮೆಯ ಚಳಿಗಾಲದ ಒಣಗಾಳಿಗೆ ಚರ್ಮ ಬಿರಿದಾಗ ಒಳದಾರಿ ಇನ್ನೂ ಸಲೀಸು.

ನಮ್ಮ ಕಡೆಯವರು ಮುಖ್ಯವಾಗಿ ತಿಳಿಯಬೇಕಾದ ಸಂಗತಿ ಇನ್ನೊಂದಿದೆ. ಹೊಲದ ಬದುವಿನಲ್ಲಿ, ರಸ್ತೆಯ ಪಕ್ಕದಲ್ಲಿ ಎಲ್ಲೆಲ್ಲೂ ಬೆಳೆಯುವ ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ, ಚರ್ಮದ ಅಲರ್ಜಿಗೆ ಹೆಸರಾದ ಗಿಡ. ಅದರ ಒಣಗಿದ ಪುಡಿ ಗಾಳಿಯಲ್ಲಿ ಬಂದು ಮುಖ, ಕತ್ತು, ಮೊಣಕೈ ಮಡಿಕೆಗಳಲ್ಲಿ ಕೂರುತ್ತದೆ. ಈ ಗಿಡಕ್ಕೆ ಅಲರ್ಜಿಯಾದವರ ದೇಹ ಅದೇ ಕುಟುಂಬದ ಸೇವಂತಿಗೆಗೂ ಕೆರಳಬಹುದು. ಕ್ಯಾಮೊಮೈಲ್, ಕ್ಯಾಲೆಂಡುಲಾ ಸಾರವಿರುವ ‘ಗಿಡಮೂಲಿಕೆ’ ಕ್ರೀಮಿಗೂ ಕೆರಳಬಹುದು. ನೈಸರ್ಗಿಕ ಎಂದು ಬರೆದಿರುವುದನ್ನೇ ಅಭಯವೆಂದು ತಿಳಿಯಬೇಡಿ.

ಖಚಿತಪಡಿಸಿಕೊಳ್ಳುವ ದಾರಿ ಪ್ಯಾಚ್ ಟೆಸ್ಟ್. 1895ರಲ್ಲಿ ಜರ್ಮನ್ ಚರ್ಮವೈದ್ಯ ಯೋಸೆಫ್ ಯಾಡಾಸ್ಸೋನ್ ಜಗತ್ತಿನ ಮುಂದಿಟ್ಟ ವಿಧಾನವಿದು. ಶಂಕಿತ ವಸ್ತುಗಳನ್ನು ಪುಟ್ಟ ಪಟ್ಟಿಗಳಲ್ಲಿ ಬೆನ್ನಿಗೆ ಅಂಟಿಸಿ, 48 ಗಂಟೆಗಳ ನಂತರ ತೆಗೆದು ನೋಡುತ್ತಾರೆ; ತಡವಾಗಿ ಏಳುವವೂ ಇರುವುದರಿಂದ ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಅಲ್ಲಿಯವರೆಗೆ ಬೆನ್ನು ನೆನೆಯಬಾರದು. ಏಪ್ರಿಲ್, ಮೇ ತಿಂಗಳ ವಿಜಯಪುರದ ಬೆವರಿಗೆ ಪಟ್ಟಿ ಕಿತ್ತು ಬರುತ್ತದೆ, ಆದ್ದರಿಂದ ಸಾಧ್ಯವಾದರೆ ಚಳಿಗಾಲದಲ್ಲಿ ಮಾಡಿಸುವುದು ಮೇಲು. ಹೋಗುವಾಗ ಮನೆಯಲ್ಲಿ ಹಚ್ಚುವ ಎಲ್ಲವನ್ನೂ, ಕುಂಕುಮ, ಹಣೆಬೊಟ್ಟಿನ ಹಾಳೆ, ತಲೆಯ ಎಣ್ಣೆಯನ್ನೂ ಸೇರಿಸಿ, ರಟ್ಟಿನ ಪೆಟ್ಟಿಗೆ ಸಮೇತ ಒಯ್ಯಿರಿ.

ಅದಕ್ಕೂ ಮೊದಲು ಶಂಕಿತ ಕ್ರೀಮನ್ನು ನಿಲ್ಲಿಸಿ. ಔಷಧದ ಅಂಗಡಿಯಲ್ಲಿ ತುರಿಕೆಗೆಂದು ಕೇಳಿದರೆ ಕೊಡುವ ಸ್ಟಿರಾಯ್ಡ್ ಮಿಶ್ರಿತ ಟ್ಯೂಬನ್ನು ದಯವಿಟ್ಟು ಮುಖಕ್ಕೆ ಹಚ್ಚಬೇಡಿ. ಎರಡು ದಿನ ಹಾಯೆನಿಸುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಬಿಟ್ಟೊಡನೆ ಮೊದಲಿಗಿಂತ ಹೆಚ್ಚು ಕೆರಳುತ್ತದೆ. ಕಲಿತ ಟಿ ಕೋಶಗಳ ನೆನಪು ಹಲವು ವರ್ಷ, ಎಷ್ಟೋ ಜನರಲ್ಲಿ ಜೀವನಪೂರ್ತಿ ಉಳಿಯುತ್ತದೆ. ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ರಾಸಾಯನಿಕದ ಹೆಸರನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಂಡು, ಕೊಳ್ಳುವ ಪ್ರತಿ ಸಲವೂ ಡಬ್ಬಿಯ ಹಿಂದಿನ ಸಣ್ಣ ಅಕ್ಷರಗಳನ್ನು ಓದಬೇಕು.